ಬಿಎಸ್ಸಿ ನರ್ಸಿಂಗ್ ಆಗಿದೆ, ಬ್ರಿಟನ್‌ಗೆ ಹೋಗಬೇಕು: ಮೊದಲು ಇಂಗ್ಲಿಷ್ ಪರೀಕ್ಷೆಯೋ, ಸಿಬಿಟಿಯೋ? ಏಜೆಂಟ್ 4 ಲಕ್ಷ ಕೇಳ್ತಿದ್ದಾರೆ

ಐಸಿಯು_ಮಂಗಳೂರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಆರ್‌ಜಿಯುಎಚ್‌ಎಸ್‌ನಿಂದ ಬಿಎಸ್ಸಿ ನರ್ಸಿಂಗ್, ಆಮೇಲೆ ಮೂರು ವರ್ಷ ಐಸಿಯು ಅನುಭವ. ಕರ್ನಾಟಕ ನರ್ಸಿಂಗ್ ಕೌನ್ಸಿಲ್‌ನಲ್ಲಿ ಆರ್‌ಎನ್‌ಆರ್‌ಎಂ (ನರ್ಸ್ ಮತ್ತು ಸೂಲಗಿತ್ತಿ) ನೋಂದಣಿ ಇದೆ. ಬ್ರಿಟನ್‌ನ ನರ್ಸಿಂಗ್ ಕೌನ್ಸಿಲ್ ಆದ ಎನ್‌ಎಂಸಿಯಲ್ಲಿ ನೋಂದಣಿ ಮಾಡಿಸಿ ಅಲ್ಲಿನ ಸರ್ಕಾರಿ (ಎನ್‌ಎಚ್‌ಎಸ್) ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರುವ ಯೋಚನೆ. ಗೊತ್ತಾಗದೆ ಉಳಿದಿರೋದು ಇಷ್ಟು:

ಇಂಗ್ಲಿಷ್ ಪರೀಕ್ಷೆ ಮೊದಲೋ, ಸಿಬಿಟಿ (ಕಂಪ್ಯೂಟರ್‌ನಲ್ಲಿ ಬರೆಯುವ ನರ್ಸಿಂಗ್ ಪರೀಕ್ಷೆ) ಮೊದಲೋ? ಇಂಗ್ಲಿಷ್‌ಗೆ ಐಇಎಲ್‌ಟಿಎಸ್ ಒಳ್ಳೇದೋ, ಆರೋಗ್ಯ ಕ್ಷೇತ್ರದವರಿಗಂತಲೇ ಇರುವ ಓಇಟಿಯೋ? ಆಸ್ಕಿಯಲ್ಲಿ (ಪ್ರಾಯೋಗಿಕ ಪರೀಕ್ಷೆ) ನಮ್ಮವರು ಎಲ್ಲಿ ಫೇಲ್ ಆಗ್ತಾರೆ? ಒಬ್ಬ ಏಜೆಂಟ್ "ಪೂರ್ತಿ ಪ್ಯಾಕೇಜ್" ಅಂತ 4 ಲಕ್ಷ ಕೇಳ್ತಿದ್ದಾರೆ, ಇದು ಸರಿಯಾ? ಜೊತೆಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಹೆಸರಿನ ಮುಂದೆ ಇನಿಷಿಯಲ್ ಇದೆ, ಪಾಸ್‌ಪೋರ್ಟ್‌ನಲ್ಲಿ ಅದನ್ನು ಬಿಡಿಸಿ ಬರೆದಿದ್ದಾರೆ. ತೊಂದರೆ ಆಗುತ್ತಾ?

---

ಕಡತ_ಕಟ್ಟು

ಸಿಸ್ಟರ್, ನಿಮ್ಮ ಕೊನೇ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ಕರ್ನಾಟಕದವರ ಅರ್ಜಿ ಹೆಚ್ಚಾಗಿ ನಿಲ್ಲೋದು ಪರೀಕ್ಷೆಯಲ್ಲಲ್ಲ, ಕಾಗದಪತ್ರದಲ್ಲಿ.

ಹೆಸರು: ಮಾರ್ಕ್ಸ್ ಕಾರ್ಡ್‌ನಲ್ಲಿ "ಶ್ವೇತಾ ಕೆ.ಎಂ.", ಕೌನ್ಸಿಲ್ ಸರ್ಟಿಫಿಕೇಟಿನಲ್ಲಿ "ಕೆ.ಎಂ. ಶ್ವೇತಾ", ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಬಿಡಿಸಿ ಸರ್‌ನೇಮ್ ಜಾಗಕ್ಕೆ ಹಾಕಿರ್ತಾರೆ. ನಮಗೆ ಮೂರೂ ಒಬ್ಬರೇ. ಅಲ್ಲಿ ಕೂತು ನೋಡುವ ಅಧಿಕಾರಿಗೆ ಮೂರು ಜನ. ಪಾಸ್‌ಪೋರ್ಟ್‌ನಲ್ಲಿ ಇರುವ ಹೆಸರನ್ನೇ ಮೂಲ ಅಂತ ಇಟ್ಕೊಳ್ಳಿ. ಇಂಗ್ಲಿಷ್ ಪರೀಕ್ಷೆ, ಸಿಬಿಟಿ, ಎನ್‌ಎಂಸಿ ಖಾತೆ ಮೂರಕ್ಕೂ ಅಕ್ಷರ ಅಕ್ಷರ ಅದೇ ಇರಲಿ. ಹಳೇ ದಾಖಲೆಗಳಿಗೆ "ಎರಡೂ ಹೆಸರು ಒಬ್ಬರದೇ" ಅನ್ನುವ ನೋಟರಿ ಅಫಿಡವಿಟ್ ಈಗಲೇ ಮಾಡಿಸಿ. ಮದುವೆಯಾದ ಮೇಲೆ ಹೆಸರು ಬದಲಾಗಿದ್ದರೆ ನೋಂದಾಯಿತ ವಿವಾಹ ಪ್ರಮಾಣಪತ್ರ ಬೇಕು, ಆಮಂತ್ರಣ ಪತ್ರಿಕೆ ನಡೆಯಲ್ಲ (ಅದನ್ನೂ ಅಪ್‌ಲೋಡ್ ಮಾಡುವವರಿದ್ದಾರೆ). ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದ್ದರೆ ಬೇರೇನೂ ಮಾಡುವ ಮೊದಲು ಅದನ್ನು ಸರಿ ಮಾಡಿಸಿ. ಪರೀಕ್ಷೆ ಬರೆದ ಮೇಲೆ ಹೆಸರು ತಿದ್ದಿಸಿದರೆ ಫಲಿತಾಂಶವೂ ಪಾಸ್‌ಪೋರ್ಟೂ ಬೇರೆಯಾಗಿಬಿಡುತ್ತೆ.

ಕೌನ್ಸಿಲ್: ನಿಮ್ಮ ನೋಂದಣಿ ಚಾಲ್ತಿಯಲ್ಲಿದೆ ಅಂತ ಕೌನ್ಸಿಲ್‌ನವರೇ ಎನ್‌ಎಂಸಿಗೆ ನೇರವಾಗಿ ದೃಢೀಕರಣ ಕಳಿಸಬೇಕು. ನೀವು ಸ್ಕ್ಯಾನ್ ಮಾಡಿ ಕಳಿಸಿದ್ದು ಲೆಕ್ಕಕ್ಕಿಲ್ಲ. ನವೀಕರಣದ ಅವಧಿ ಮುಗಿದಿದ್ದರೆ ಮೊದಲು ನವೀಕರಣ, ಆಮೇಲೆ ದೃಢೀಕರಣ. ಈ ಕ್ರಮ ಗೊತ್ತಿಲ್ಲದೆ ತಿಂಗಳುಗಟ್ಟಲೆ ಕಾಯುವವರು ಬಹಳ. ಮಂಗಳೂರಿನಲ್ಲಿ ಓದಿ ಕೇರಳದಲ್ಲಿ ನೋಂದಣಿ ಮಾಡಿಸಿಕೊಂಡವರಿಗೆ ಎರಡೂ ಕೌನ್ಸಿಲ್ ಹಿಂದೆ ಓಡಾಟ ಇದ್ದದ್ದೇ.

ಇನ್ನು ಯಾವುದು ಮೊದಲು ಅನ್ನೋದು. ಪ್ರತಿಯೊಂದು ಕಾಗದಕ್ಕೂ ಒಂದು ಅವಧಿ ಇದೆ, ಅದನ್ನು ನೋಡಿ ಜೋಡಿಸಬೇಕು. ಇಂಗ್ಲಿಷ್ ಫಲಿತಾಂಶ 2 ವರ್ಷ, ಸಿಬಿಟಿ 2 ವರ್ಷ, ಕ್ಷಯ ಪರೀಕ್ಷೆಯ ಪ್ರಮಾಣಪತ್ರ 6 ತಿಂಗಳು. ಆಸ್ಪತ್ರೆ ಕೊಡುವ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಬಂದ ಮೇಲೆ 3 ತಿಂಗಳೊಳಗೆ ವೀಸಾ ಅರ್ಜಿ ಹಾಕಬೇಕು. ಅಂದರೆ ಹೆಸರು ಮತ್ತು ಕೌನ್ಸಿಲ್ ಕೆಲಸಕ್ಕೆ ಅವಧಿಯ ಚಿಂತೆ ಕಡಿಮೆ, ಅದು ಮೊದಲು. ಆಮೇಲೆ ಇಂಗ್ಲಿಷ್. ಇಂಗ್ಲಿಷ್ ದಾಟಿದ ಮೇಲೆ ಸಿಬಿಟಿ. ಪೊಲೀಸ್ ಕ್ಲಿಯರೆನ್ಸ್, ಕ್ಷಯ ಪರೀಕ್ಷೆಯ ಎಕ್ಸ್‌ರೇ ಕೊನೆಗೆ. ಸಿಬಿಟಿ ಸುಲಭ ಅಂತ ಅದನ್ನೇ ಮೊದಲು ಮುಗಿಸಿ, ಇಂಗ್ಲಿಷ್ ಮೂರು ಸಲ ಕೈಕೊಟ್ಟರೆ ಸಿಬಿಟಿಯ ಎರಡು ವರ್ಷ ಅಲ್ಲೇ ಕರಗಿ ಹೋಗುತ್ತೆ.

ಎನ್‌ಎಂಸಿಯ ಖರ್ಚು: ಅರ್ಹತೆಯ ಪರಿಶೀಲನೆಗೆ 140 ಪೌಂಡ್, ಸಿಬಿಟಿಗೆ 83, ಆಸ್ಕಿಗೆ 794, ಕೊನೆಗೆ ನೋಂದಣಿಗೆ 153. ಒಟ್ಟು 1,170 ಪೌಂಡ್. ಇದರಲ್ಲಿ ದೊಡ್ಡ ಪಾಲಾದ ಆಸ್ಕಿ ಶುಲ್ಕವನ್ನು ಎನ್‌ಎಚ್‌ಎಸ್ ಆಸ್ಪತ್ರೆಗಳು ಸಾಮಾನ್ಯವಾಗಿ ತಾವೇ ಭರಿಸ್ತವೆ. ಅರ್ಜಿ ಹಾಕುವ ಮುಂಚೆ ಕೇಳಿಕೊಳ್ಳಿ.

---

ಓಇಟಿ_ಮೇಷ್ಟ್ರು

ಬೇಕಾದ ಅಂಕ ಮೊದಲು. ಐಇಎಲ್‌ಟಿಎಸ್ ಅಕಾಡೆಮಿಕ್ ಆದರೆ ಓದು, ಆಲಿಸುವಿಕೆ, ಮಾತು ಮೂರಕ್ಕೂ 7, ಬರವಣಿಗೆಗೆ 6.5. ಓಇಟಿ ಆದರೆ ಮೂರಕ್ಕೆ ಬಿ ಗ್ರೇಡ್ (350), ಬರವಣಿಗೆಗೆ ಸಿ ಪ್ಲಸ್ (300). ಜನರಲ್ ಟ್ರೇನಿಂಗ್ ಐಇಎಲ್‌ಟಿಎಸ್ ಬರೆದರೆ ದುಡ್ಡು ದಂಡ, ಎನ್‌ಎಂಸಿ ಅದನ್ನು ಒಪ್ಪಲ್ಲ. ಎನ್‌ಎಂಸಿ ಒಪ್ಪಿದ ಇಂಗ್ಲಿಷ್ ಪುರಾವೆ ವೀಸಾಕ್ಕೂ ಸಾಕು, ಅದಕ್ಕಂತ ಬೇರೆ ಪರೀಕ್ಷೆ ಬೇಡ.

ಒಂದೇ ಸಲಕ್ಕೆ ಎಲ್ಲ ಬರದಿದ್ದರೆ ಎರಡು ಸಲದ್ದನ್ನು ಕೂಡಿಸಬಹುದು. ಷರತ್ತು: ಎರಡೂ 12 ತಿಂಗಳ ಒಳಗೆ ಇರಬೇಕು, ಎರಡರಲ್ಲೂ ನಾಲ್ಕೂ ಭಾಗ ಬರೆದಿರಬೇಕು, ಯಾವ ಸಲವೂ ಓದು, ಆಲಿಸುವಿಕೆ, ಮಾತು 6.5ಕ್ಕಿಂತ, ಬರವಣಿಗೆ 6ಕ್ಕಿಂತ ಕೆಳಗೆ ಇಳಿದಿರಬಾರದು. ಓಇಟಿಯಲ್ಲಿ ಇದೇ ಮಿತಿ ಸಿ ಪ್ಲಸ್ ಮತ್ತು ಸಿ. ಆದ್ದರಿಂದ ಎರಡನೇ ಸಲ "ಬರವಣಿಗೆ ಒಂದು ನೋಡ್ಕೊಂಡರೆ ಸಾಕು" ಅಂತ ಉಳಿದದ್ದನ್ನು ಕೈಬಿಟ್ಟು ಹೋಗಬೇಡಿ. ಅಲ್ಲೇ 6 ಬಂದು ಕೂಡಿಸೋಕೂ ಆಗದೆ ಹೋಗುತ್ತೆ.

ಯಾವುದು ಒಳ್ಳೇದು? ಐಸಿಯುವಿನಲ್ಲಿ ಕೇಸ್ ಶೀಟ್ ಓದಿ, ಹ್ಯಾಂಡೋವರ್ ಕೊಟ್ಟು ರೂಢಿ ಇದ್ದವರಿಗೆ ಓಇಟಿ ಅನ್ನೋದು ನನ್ನ ಅಭಿಪ್ರಾಯ. ಶುಲ್ಕ ಐಇಎಲ್‌ಟಿಎಸ್‌ಗಿಂತ ಬಹಳ ಜಾಸ್ತಿ, ನಿಜ. ಆದರೆ ಐಇಎಲ್‌ಟಿಎಸ್‌ನಲ್ಲಿ ನಗರ ಯೋಜನೆ ಬಗ್ಗೆ 250 ಪದದ ಪ್ರಬಂಧ ಬರೆಯೋಕೆ ಕೂರುವ ಬದಲು ಇಲ್ಲಿ ಒಂದು ಡಿಸ್ಚಾರ್ಜ್ ಅಥವಾ ರೆಫರಲ್ ಪತ್ರ. ಒಟ್ಟು 45 ನಿಮಿಷ, ಅದರಲ್ಲಿ ಮೊದಲ 5 ಬರೀ ಓದೋಕೆ, ಪತ್ರದ ಉದ್ದ ಸುಮಾರು 180 ರಿಂದ 200 ಪದ.

ಪತ್ರದಲ್ಲಿ ನಮ್ಮವರು ಸೋಲೋದು ವ್ಯಾಕರಣಕ್ಕಲ್ಲ. ಕೊಟ್ಟ ಟಿಪ್ಪಣಿಯನ್ನೆಲ್ಲ ಸುರಿದುಬಿಡ್ತಾರೆ. ಪತ್ರ ಓದುವವರು ಯಾರು ಅಂತ ಮೊದಲು ನೋಡಿ. ಸಮುದಾಯ ನರ್ಸ್‌ಗೆ ಬರೆಯೋದಾದರೆ ಡ್ರೆಸ್ಸಿಂಗ್ ಯಾವತ್ತು ಬದಲಿಸಬೇಕು, ಮನೆಯಲ್ಲಿ ನೋಡಿಕೊಳ್ಳುವವರು ಇದ್ದಾರಾ ಅನ್ನೋದು ಮುಖ್ಯ. ಹತ್ತು ವರ್ಷದ ಹಿಂದಿನ ಅಪೆಂಡಿಕ್ಸ್ ಆಪರೇಷನ್ ಬೇಡ. ಮೊದಲ ಪ್ಯಾರಾದಲ್ಲೇ "ಯಾಕೆ ಬರೀತಿದ್ದೇನೆ" ಬಂದಿರಬೇಕು, ಅದಕ್ಕಂತಲೇ ಪ್ರತ್ಯೇಕ ಅಂಕ ಇದೆ.

ಮಾತಿನ ಭಾಗದಲ್ಲಿ ಎರಡು ರೋಲ್‌ಪ್ಲೇ, ತಲಾ ಸುಮಾರು 5 ನಿಮಿಷ, ತಯಾರಿಗೆ 3. ರೋಗಿ ಹೆದರಿದ್ದಾರೆ ಅಂತ ಕಾರ್ಡ್‌ನಲ್ಲಿದ್ದರೆ ಆ ಹೆದರಿಕೆಗೆ ಮೊದಲು ಉತ್ತರ ಕೊಡಿ, ಸಲಹೆ ಆಮೇಲೆ. ನಮ್ಮ ವಾರ್ಡಿನ "ಏನೂ ಆಗಲ್ಲಮ್ಮ, ಸುಮ್ನೆ ಮಲ್ಕೊಳ್ಳಿ" ಧಾಟಿಗೆ ಅಲ್ಲಿ ಅಂಕ ಇಲ್ಲ.

---

ಐಸಿಯು_ಮಂಗಳೂರು

ಇಬ್ಬರಿಗೂ ಧನ್ಯವಾದ. ಬಿಎಸ್ಸಿ ಪೂರ್ತಿ ಇಂಗ್ಲಿಷ್ ಮಾಧ್ಯಮದಲ್ಲೇ ಓದಿದ್ದು, ಹಾಗಾಗಿ ಇಂಗ್ಲಿಷ್ ಪರೀಕ್ಷೆ ಬೇಡ ಅಂತ ಒಬ್ಬರು ಹೇಳಿದ್ರು. ಹೌದಾ?

---

ಓಇಟಿ_ಮೇಷ್ಟ್ರು

ಅರ್ಧ ಸತ್ಯ. ಉದ್ಯೋಗದಾತರು ಇಂಗ್ಲಿಷ್ ಬಗ್ಗೆ ಪೂರಕ ಮಾಹಿತಿ ಕೊಡುವ ದಾರಿಯೊಂದು 2023ರಿಂದ ಇದೆ. ಆದರೆ ಅದು ಬ್ರಿಟನ್ನಿನ ಆರೋಗ್ಯ ಅಥವಾ ಆರೈಕೆ ಕ್ಷೇತ್ರದಲ್ಲಿ ನೋಂದಣಿ ಬೇಡದ ಹುದ್ದೆಯಲ್ಲಿ ಕನಿಷ್ಠ ಒಂದು ವರ್ಷ ಆಗಲೇ ದುಡಿದವರಿಗೆ. ಊರಲ್ಲಿ ಕೂತು ಅರ್ಜಿ ಹಾಕುವವರಿಗೆ ಆ ಬಾಗಿಲು ಇಲ್ಲ.

---

ವಾರ್ಡ್_ಎಜುಕೇಟರ್

ಸಿಬಿಟಿ ಮತ್ತು ಆಸ್ಕಿ ಬಗ್ಗೆ.

ಸಿಬಿಟಿ ಪಿಯರ್ಸನ್ ವ್ಯೂ ಕೇಂದ್ರಗಳಲ್ಲಿ ನಡೆಯುತ್ತೆ, ಭಾರತದಲ್ಲೇ ಬರೆಯಬಹುದು. ಎ ಭಾಗ ಲೆಕ್ಕ: 15 ಪ್ರಶ್ನೆ, 30 ನಿಮಿಷ. ಬಿ ಭಾಗ ನರ್ಸಿಂಗ್: 100 ಪ್ರಶ್ನೆ, ಎರಡೂವರೆ ಗಂಟೆ. ಒಂದರಲ್ಲಿ ಫೇಲಾದರೆ ಅದೊಂದನ್ನೇ 50 ಪೌಂಡ್ ಕಟ್ಟಿ ಮತ್ತೆ ಬರೆಯಬಹುದು. ಎ ಭಾಗದಲ್ಲಿ ಉತ್ತರ ಆರಿಸೋದಲ್ಲ, ಟೈಪ್ ಮಾಡೋದು, ಹಾಗಾಗಿ ಊಹೆ ನಡೆಯಲ್ಲ. 1,000 ಎಂಎಲ್ ದ್ರವ 8 ಗಂಟೆಗೆ, ಎಂಎಲ್‌ಗೆ 20 ಹನಿಯ ಸೆಟ್ ಅಂದರೆ 1,000 × 20 ÷ 480 = 41.67, ಅಂದರೆ ನಿಮಿಷಕ್ಕೆ 42 ಹನಿ. ಈ ಲೆಕ್ಕ ನಿಮಗೆ ಬರುತ್ತೆ. ತಪ್ಪೋದು ಮೈಕ್ರೋಗ್ರಾಂ ಮಿಲಿಗ್ರಾಂ ಆಗುವಲ್ಲಿ, ಮತ್ತು ಎಷ್ಟು ದಶಮಾಂಶಕ್ಕೆ ನಿಲ್ಲಿಸಿ ಅಂತ ಕೊಟ್ಟಿರುವ ಸೂಚನೆ ಓದದೇ ಇರುವಲ್ಲಿ. ಬಿ ಭಾಗಕ್ಕೆ ಎನ್‌ಎಂಸಿಯ ವೃತ್ತಿ ಸಂಹಿತೆ ಓದಿ. "ವೈದ್ಯರಿಗೆ ತಿಳಿಸುತ್ತೇನೆ" ಅನ್ನೋದು ನಮ್ಮಲ್ಲಿ ಎಲ್ಲದಕ್ಕೂ ಸರಿಯುತ್ತರ. ಅಲ್ಲಿ ರೋಗಿಯ ಒಪ್ಪಿಗೆ ಕೇಳೋದು, ನೀವೇ ನಿರ್ಧರಿಸಿ ದಾಖಲಿಸೋದು ಎಷ್ಟೋ ಕಡೆ ಸರಿಯುತ್ತರ.

ಆಸ್ಕಿ ಬ್ರಿಟನ್‌ಗೆ ಹೋದ ಮೇಲೆ. ವೀಸಾ ನಿಯಮದ ಪ್ರಕಾರ ಕೆಲಸಕ್ಕೆ ಸೇರಿದ 12 ವಾರದೊಳಗೆ ಮೊದಲ ಪ್ರಯತ್ನ, 8 ತಿಂಗಳೊಳಗೆ ನೋಂದಣಿ. ಒಂದು ಅರ್ಜಿಗೆ ಮೂರು ಪ್ರಯತ್ನ. ಮೂರೂ ಹೋದರೆ ಹೊಸ ಅರ್ಜಿಗೆ 6 ತಿಂಗಳು ಕಾಯಬೇಕು, ಅಷ್ಟರಲ್ಲಿ ಕೆಲಸವೂ ವೀಸಾವೂ ಅಲುಗಾಡ್ತವೆ. ನಾರ್ಥಾಂಪ್ಟನ್, ಆಕ್ಸ್‌ಫರ್ಡ್ ಬ್ರೂಕ್ಸ್, ಅಲ್ಸ್‌ಟರ್, ನಾರ್ಥಂಬ್ರಿಯಾ, ಲೀಡ್ಸ್ ಕೇಂದ್ರಗಳಲ್ಲಿ ಪರೀಕ್ಷೆ ನಡೆಯುತ್ತೆ. ಯಾವ ಕೇಂದ್ರ ಸುಲಭ ಅಂತ ಹುಡುಕಬೇಡಿ, ಮಾನದಂಡ ಎಲ್ಲ ಕಡೆ ಒಂದೇ.

ಒಟ್ಟು ಹತ್ತು ಸ್ಟೇಷನ್. ಮೊದಲ ನಾಲ್ಕು ಒಬ್ಬನೇ ರೋಗಿಯ ಸುತ್ತ: ತಪಾಸಣೆ, ಯೋಜನೆ, ಅನುಷ್ಠಾನ, ಮೌಲ್ಯಮಾಪನ. ಇನ್ನು ನಾಲ್ಕು ಕೌಶಲಗಳು, ಎರಡೆರಡರ ಜೋಡಿಯಾಗಿ. ಉಳಿದ ಎರಡು ಬರವಣಿಗೆಯವು, ವೃತ್ತಿಮೌಲ್ಯ ಮತ್ತು ಪುರಾವೆ ಆಧಾರಿತ ಆರೈಕೆಯ ಬಗ್ಗೆ. ಏಳರವರೆಗೆ ಫೇಲಾದರೆ ಅಷ್ಟನ್ನೇ ಅರ್ಧ ಶುಲ್ಕಕ್ಕೆ (397 ಪೌಂಡ್) ಮತ್ತೆ ಕೊಡಬಹುದು. ಎಂಟು ಅಥವಾ ಅದಕ್ಕಿಂತ ಹೆಚ್ಚಾದರೆ ಪೂರ್ತಿ ಪರೀಕ್ಷೆ, ಪೂರ್ತಿ ಶುಲ್ಕ.

ನಮ್ಮವರು ಎಲ್ಲಿ ಎಡವುತ್ತಾರೆ ಅಂದರೆ:

ತಪಾಸಣೆಯಲ್ಲಿ ನ್ಯೂಸ್-2 ಚಾರ್ಟ್ (ರೋಗಿಯ ಸ್ಥಿತಿ ಹದಗೆಡ್ತಿದೆಯಾ ಅಂತ ಅಂಕ ಹಾಕಿ ನೋಡುವ ಪಟ್ಟಿ). ಐಸಿಯು ಮಾನಿಟರ್ ನೋಡಿ ಅಭ್ಯಾಸವಿರುವ ಕಣ್ಣಿಗೆ ಇದು ಮೋಸ ಮಾಡುತ್ತೆ. ಉದಾಹರಣೆಗೆ ಉಸಿರಾಟ 22 (2 ಅಂಕ), ಆಮ್ಲಜನಕ ಪ್ರಮಾಣ 95 (1), ಆಕ್ಸಿಜನ್ ಹಚ್ಚಿದೆ (2), ಸಿಸ್ಟೋಲಿಕ್ 108 (1), ನಾಡಿ 98 (1), ಪೂರ್ಣ ಎಚ್ಚರ (0), ಜ್ವರ 38.2 ಸೆಲ್ಸಿಯಸ್ (1). ಒಂದೊಂದೇ ನೋಡಿದರೆ ಯಾವುದೂ ಗಾಬರಿ ಹುಟ್ಟಿಸಲ್ಲ. ಕೂಡಿಸಿದರೆ 8, ಅಂದರೆ 7ರ ಗಡಿ ದಾಟಿದ ತುರ್ತು ಸ್ಥಿತಿ, ತುರ್ತು ತಂಡವನ್ನು ಕರೆಯಲೇಬೇಕು. ಆಕ್ಸಿಜನ್ ಹಚ್ಚಿದ್ದಕ್ಕೇ 2 ಅಂಕ ಅನ್ನೋದನ್ನು ಮರೆತು 6 ಅಂತ ಬರೆಯುವವರು ಬಹಳ ಮಂದಿ. ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶ ಕಾಯಿಲೆ) ರೋಗಿಗೆ ಆಮ್ಲಜನಕ ಪ್ರಮಾಣ 88ರಿಂದ 92 ಗುರಿಯ ಎರಡನೇ ಮಾಪಕವನ್ನು ವೈದ್ಯರು ಸೂಚಿಸಿದ್ದಾರಾ ಅಂತಲೂ ನೋಡಬೇಕು. ಉಸಿರಾಟ ಪೂರ್ತಿ ಒಂದು ನಿಮಿಷ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸೋ ಚಟ ಬಿಡಿ.

ಔಷಧಿ ಕೊಡುವಲ್ಲಿ: ರೋಗಿಯ ಬಾಯಿಂದಲೇ ಹೆಸರು, ಹುಟ್ಟಿದ ದಿನಾಂಕ ಹೇಳಿಸಿ ಕೈಪಟ್ಟಿ ಮತ್ತು ಚಾರ್ಟ್ ಜೊತೆ ಹೋಲಿಸಬೇಕು. "ನೀವು ಸ್ಮಿತ್ ಅಲ್ವಾ?" ಅಂತ ನೀವೇ ಹೇಳಿದರೆ ಗುರುತು ಪರೀಕ್ಷಿಸಿದ ಹಾಗಾಗಲ್ಲ. ಅಲರ್ಜಿಯನ್ನು ಚಾರ್ಟ್‌ನಲ್ಲೂ ನೋಡಿ, ರೋಗಿಯನ್ನೂ ಕೇಳಿ. ಅಲ್ಲಿ ಚಾರ್ಟ್ ಜೆನೆರಿಕ್ ಹೆಸರಲ್ಲಿರುತ್ತೆ. ಪೆನಿಸಿಲಿನ್ ಅಲರ್ಜಿ ಇರುವ ರೋಗಿಗೆ ಕೋ-ಅಮಾಕ್ಸಿಕ್ಲಾವ್ ಬರೆದಿದ್ದರೆ ಅದು ನಾವು ಆಗ್ಮೆಂಟಿನ್ ಅನ್ನೋದೇ ಅಂತ ತಕ್ಷಣ ಹೊಳೆಯಬೇಕು. ಕೊಡದೆ ತಡೆಹಿಡಿದ ಔಷಧಿಯ ಚೌಕ ಖಾಲಿ ಬಿಡಬೇಡಿ, ಕಾರಣದ ಸಂಕೇತ ಹಾಕಿ ಸಹಿ ಮಾಡಿ. ಕೊಟ್ಟ ಔಷಧಿಗೆ ಸಹಿ, ಸಮಯ ಆಗಲೇ ಹಾಕಿ, ಮುಂಚಿತವಾಗಿ ಹಾಕಿದರೂ ತಪ್ಪೇ.

ಬರವಣಿಗೆ: ತಪ್ಪಾದರೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಮತ್ತು ದಿನಾಂಕ. ಗೀಚಿ ಮುಚ್ಚಬಾರದು, ಸಂಕ್ಷೇಪಾಕ್ಷರ ಬೇಡ. ಕೈಬರಹ ಓದೋಕೆ ಬರಲೇಬೇಕು.

ಸಿಪಿಆರ್ ಬಂದರೆ ಸಹಾಯಕ್ಕೆ ಕೂಗಿ, 2222ಕ್ಕೆ (ಅಲ್ಲಿನ ಆಸ್ಪತ್ರೆಯ ಒಳಗಿನ ತುರ್ತು ಸಂಖ್ಯೆ) ಕರೆ ಮಾಡಿಸಿ, 30 ಸಲ ಎದೆ ಒತ್ತಿ 2 ಸಲ ಉಸಿರು ಕೊಡುವಂತೆ, ಆಳ 5 ರಿಂದ 6 ಸೆಂ.ಮೀ., ವೇಗ ನಿಮಿಷಕ್ಕೆ 100 ರಿಂದ 120. ಎದೆ ಪೂರ್ತಿ ಮೇಲೆ ಬರಲು ಬಿಡದೇ ಇರೋದು ಸಾಮಾನ್ಯ ದೋಷ.

ಏನು ಮಾಡ್ತಿದ್ದೀರಿ ಅಂತ ಬಾಯಿಬಿಟ್ಟು ಹೇಳ್ತಾ ಇರಿ. ನಮ್ಮಲ್ಲಿ ಚುರುಕಾದ ನರ್ಸ್ ಅಂದರೆ ಮೌನವಾಗಿ, ಬೇಗ ಕೆಲಸ ಮುಗಿಸುವವರು. ಅಲ್ಲಿ ಪರೀಕ್ಷಕರು ನೀವು ಮನಸ್ಸಲ್ಲಿ ಮಾಡಿದ ಪರಿಶೀಲನೆಗೆ ಅಂಕ ಹಾಕೋಕೆ ಆಗಲ್ಲ.

---

ಕರಾರು_ಓದಿ

4 ಲಕ್ಷದ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ನೇರವಾಗಿ ಹೇಳೋದಾದರೆ, ಬೇಡ.

ಬ್ರಿಟನ್ ಸರ್ಕಾರದ ಅಂತರರಾಷ್ಟ್ರೀಯ ನೇಮಕಾತಿ ಸಂಹಿತೆಯ ಪ್ರಕಾರ ನೇಮಕಾತಿಗೆ ಅಂತ ಅಭ್ಯರ್ಥಿಯಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ, ಏಜೆನ್ಸಿಗೆ ದುಡ್ಡು ಕೊಡೋದು ಆಸ್ಪತ್ರೆ. ಸಂಹಿತೆಗೆ ಒಪ್ಪಿದ ಏಜೆನ್ಸಿಗಳ ಪಟ್ಟಿಯನ್ನು ಎನ್‌ಎಚ್‌ಎಸ್ ಎಂಪ್ಲಾಯರ್ಸ್ ಪ್ರಕಟಿಸುತ್ತೆ, ನಿಮ್ಮ ಏಜೆಂಟ್ ಹೆಸರು ಅದರಲ್ಲಿದೆಯಾ ನೋಡಿ. ನಮ್ಮ ದೇಶದ ನಿಯಮದಲ್ಲೂ ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕಕ್ಕೆ ಮಿತಿ ಇದೆ: 30,000 ರೂಪಾಯಿ ಮತ್ತು ಅದರ ಮೇಲೆ 18% ಜಿಎಸ್‌ಟಿ, ಒಟ್ಟು 35,400. ರಸೀದಿ ಸಮೇತ. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಲೈಸೆನ್ಸ್ ಸಂಖ್ಯೆ ಹಾಕಿದರೆ ಅದು ಚಾಲ್ತಿಯಲ್ಲಿದೆಯಾ ಅನ್ನೋದು ಗೊತ್ತಾಗುತ್ತೆ. "ಅದು ಬೇರೆ, ಇದು ಕನ್ಸಲ್ಟೆನ್ಸಿ ಚಾರ್ಜು" ಅಂತ ಜಾರಿಕೊಂಡರೆ ನೀವೂ ಜಾರಿಕೊಳ್ಳಿ. ಕೋಚಿಂಗ್‌ಗೆ ದುಡ್ಡು ಕೊಡೋದು ನಿಮ್ಮಿಷ್ಟ, ಅದನ್ನು ಕೆಲಸ ಕೊಡಿಸೋದರ ಜೊತೆ ಗಂಟುಹಾಕಿದರೆ ಅನುಮಾನ ಪಡಿ.

ಎರಡನೇದು, ವಾಪಸಾತಿ ಷರತ್ತು. ಇಂತಿಷ್ಟು ವರ್ಷದ ಒಳಗೆ ಬಿಟ್ಟರೆ ಇಷ್ಟು ಪೌಂಡ್ ಕಟ್ಟಬೇಕು ಅನ್ನೋ ಸಾಲು ಕರಾರಿನಲ್ಲಿ ಇರಬಹುದು, ಇರೋದೇ ಅಕ್ರಮ ಅಲ್ಲ. ನೋಡಬೇಕಾದ್ದು: ಯಾವ ಖರ್ಚು ಅಂತ ಬಿಡಿಬಿಡಿಯಾಗಿ ಬರೆದಿದ್ದಾರಾ, ತಿಂಗಳು ಕಳೆದಂತೆ ಮೊತ್ತ ಇಳಿಯುತ್ತಾ. ಇಮಿಗ್ರೇಷನ್ ಸ್ಕಿಲ್ಸ್ ಚಾರ್ಜ್ (ವಿದೇಶಿಯರನ್ನು ಸ್ಪಾನ್ಸರ್ ಮಾಡೋದಕ್ಕೆ ಅಲ್ಲಿನ ಸರ್ಕಾರಕ್ಕೆ ಕಟ್ಟುವ ಶುಲ್ಕ) ಅನ್ನೋದು ಪೂರ್ತಿ ಉದ್ಯೋಗದಾತರದ್ದು, ಅದನ್ನು ನಿಮ್ಮ ತಲೆಗೆ ಕಟ್ಟುವಂತಿಲ್ಲ. ಮೂಲ ಅಂಕಪಟ್ಟಿ, ಪಾಸ್‌ಪೋರ್ಟ್ ಯಾರ ಕೈಗೂ "ಸೇಫ್ಟಿಗೆ" ಅಂತ ಕೊಡಬೇಡಿ.

ಹುದ್ದೆಯ ಹೆಸರೂ ಸರಿಯಾಗಿ ಓದಿ. "ಕೇರ್ ವರ್ಕರ್ ಆಗಿ ಹೋಗಿ, ಆಮೇಲೆ ನರ್ಸ್ ಆಗಬಹುದು" ಅನ್ನೋ ಮಾತು ಇನ್ನೂ ಓಡಾಡ್ತಿದೆ. ವಿದೇಶದಿಂದ ಕೇರ್ ವರ್ಕರ್‌ಗಳನ್ನು ಕರೆಸಿಕೊಳ್ಳೋದನ್ನು ಬ್ರಿಟನ್ 2025ರ ಜುಲೈ 22ರಿಂದಲೇ ನಿಲ್ಲಿಸಿದೆ.

ಸಂಬಳ: ಇಂಗ್ಲೆಂಡಿನಲ್ಲಿ ಬ್ಯಾಂಡ್ 5ರ (ಹೊಸದಾಗಿ ನೋಂದಣಿಯಾದ ನರ್ಸ್‌ಗಳ ವೇತನ ಶ್ರೇಣಿ) ಆರಂಭಿಕ ಸಂಬಳ 2025-26ಕ್ಕೆ ವರ್ಷಕ್ಕೆ 31,049 ಪೌಂಡ್. ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್, ಪಿಂಚಣಿ ಕಳೆದು ಕೈಗೆ ತಿಂಗಳಿಗೆ ಹತ್ತಿರ ಹತ್ತಿರ 2,000. ನೋಂದಣಿ ಆಗುವವರೆಗೆ ಅದಕ್ಕಿಂತ ಕೆಳಗಿನ ಬ್ಯಾಂಡ್‌ನಲ್ಲಿ ಇಡ್ತಾರೆ. ರೂಪಾಯಿಗೆ ಗುಣಿಸಿ ಖುಷಿಪಡುವ ಮುಂಚೆ ಆ ಊರಿನ ಮನೆ ಬಾಡಿಗೆ ನೋಡಿ.

---

ಬೆಂಗಳೂರು_ಬರ್ಲಿನ್

ಎಲ್ಲರೂ ದಾರಿ ಹೇಳಿದ್ರಿ, ಬಾಗಿಲು ತೆರೆದಿದೆಯಾ ಅಂತ ಯಾರೂ ಹೇಳಲಿಲ್ಲ. ಎನ್‌ಎಂಸಿಗೆ ಹೊಸದಾಗಿ ಸೇರುವ ವಿದೇಶಿ ನರ್ಸ್‌ಗಳ ಸಂಖ್ಯೆ 2025ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ, ಹಿಂದಿನ ವರ್ಷದ ಅದೇ ಅವಧಿಗೆ ಹೋಲಿಸಿದರೆ ಸುಮಾರು ಅರ್ಧಕ್ಕೆ ಇಳಿದಿದೆ. ಎಷ್ಟೋ ಆಸ್ಪತ್ರೆಗಳು ಬ್ಯಾಂಡ್ 5ಕ್ಕೆ ಹೊರದೇಶದಿಂದ ಕರೆಯೋದನ್ನೇ ನಿಲ್ಲಿಸಿವೆ. ಸಿಬಿಟಿ, ಓಇಟಿ ಎರಡೂ ಪಾಸಾಗಿ ಇಂಟರ್‌ವ್ಯೂ ಬಾರದೆ ಕಾಯುತ್ತಿರುವವರು ತುಂಬಾ ಇದ್ದಾರೆ. ಹಾಗಾಗಿ ಜರ್ಮನಿಯನ್ನೂ ತೂಗಿ ನೋಡಿ.

ಅಲ್ಲಿ ಅಡ್ಡಗೋಡೆ ಭಾಷೆ. ಪೂರ್ಣ ನರ್ಸ್ ಆಗಿ ಮಾನ್ಯತೆಗೆ ಬಿ2 ಮಟ್ಟದ (ಸರಾಗವಾಗಿ ಮಾತಾಡಿ ಬರೆಯಬಲ್ಲಷ್ಟು) ಜರ್ಮನ್ ಬೇಕು. ಸೊನ್ನೆಯಿಂದ ಶುರುಮಾಡಿದರೆ ಪೂರ್ಣಾವಧಿ ಕಲಿತರೂ ಸುಮಾರು ಒಂದು ವರ್ಷ ಹಿಡಿಯುತ್ತೆ, ನೈಟ್ ಡ್ಯೂಟಿ ಮಾಡಿಕೊಂಡು ಕಲಿತರೆ ಇನ್ನೂ ಜಾಸ್ತಿ. ಗ್ಯೋಥೆ ಸಂಸ್ಥೆಯ ಬಿ2 ಪರೀಕ್ಷೆಯಲ್ಲಿ ನಾಲ್ಕು ಭಾಗವನ್ನು ಬೇರೆ ಬೇರೆಯಾಗಿ ಬರೆಯಬಹುದು, ಫೇಲಾದದ್ದನ್ನಷ್ಟೇ ಮತ್ತೆ ಬರೆದರೆ ಸಾಕು.

ಕಾಗದಪತ್ರದ ಸ್ವರೂಪವೂ ಬೇರೆ. ನೀವು ಓದಿದ ಒಂದೊಂದು ವಿಷಯಕ್ಕೆ ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ವಾರ್ಡ್ ಅನುಭವ ಅಂತ ಅಲ್ಲಿನ ರಾಜ್ಯ ಪ್ರಾಧಿಕಾರ ಹೋಲಿಸಿ ನೋಡುತ್ತೆ. ಆದ್ದರಿಂದ ಗಂಟೆಗಳ ವಿವರ ಇರುವ ಟ್ರಾನ್ಸ್‌ಕ್ರಿಪ್ಟ್ ಬೇಕು, ಬರೀ ಅಂಕಪಟ್ಟಿ ಸಾಲದು. ಎಲ್ಲದಕ್ಕೂ ಪ್ರಮಾಣಿತ ಅನುವಾದಕರಿಂದ ಜರ್ಮನ್ ಅನುವಾದ. ಸಾಮಾನ್ಯವಾಗಿ "ಇಷ್ಟು ಕೊರತೆ ಇದೆ" ಅನ್ನೋ ಆದೇಶ ಬರುತ್ತೆ. ಅದನ್ನು ನೋಡಿ ತಿರಸ್ಕಾರ ಅಂದುಕೊಂಡು ಕೈಚೆಲ್ಲಬೇಡಿ, ವೀಸಾಕ್ಕೆ ಬೇಕಾಗಿರೋದು ಆ ಆದೇಶವೇ. ಅಲ್ಲಿಗೆ ಹೋಗಿ ಕೊರತೆಯನ್ನು ತುಂಬುವ ದಾರಿ ಎರಡು: ಹೊಂದಾಣಿಕೆ ತರಬೇತಿ ಅಥವಾ ಜ್ಞಾನ ಪರೀಕ್ಷೆ. ಅಲ್ಲಿಯವರೆಗೆ ಸಹಾಯಕರ ಸಂಬಳ.

ಐಸಿಯು ನರ್ಸ್‌ಗೆ ಇನ್ನೊಂದು ಮಾತು. ರೋಗಿಗೆ ಸ್ನಾನ ಮಾಡಿಸೋದು, ಊಟ ಮಾಡಿಸೋದು, ಡೈಪರ್ ಬದಲಿಸೋದು ಅಲ್ಲಿ ನರ್ಸ್ ಕೆಲಸದ ನಡುಭಾಗ. ನಮ್ಮಲ್ಲಿ ಅದನ್ನು ಆಯಾ ಅಥವಾ ಮನೆಯವರು ಮಾಡ್ತಾರೆ. ಇದನ್ನು ಅವಮಾನ ಅಂತ ತಿಳಿಯುವವರು ಹೋಗದೇ ಇರೋದೇ ವಾಸಿ.

ಜರ್ಮನ್ ಏಜೆನ್ಸಿಗಳಲ್ಲಿ "ಫೇರೆ ಅನ್‌ವೆರ್ಬುಂಗ್ ಫ್ಲೇಗೆ ಡಾಯ್ಚ್‌ಲಾಂಡ್" ಗುಣಮುದ್ರೆ ಇರೋದನ್ನು ಹುಡುಕಿ. ಖರ್ಚು ಉದ್ಯೋಗದಾತರದ್ದೇ ಅನ್ನೋದು ಅದರ ಮೂಲ ಷರತ್ತು.

---

ಕಡತ_ಕಟ್ಟು

ಬರ್ಲಿನ್ ಅವರೇ, ಸಂಖ್ಯೆ ಇಳಿದಿರೋದು ನಿಜ, ಅದಕ್ಕೇ ಬ್ರಿಟನ್ ಕೈಬಿಡಿ ಅನ್ನೋದು ಆತುರ. ವಿಶೇಷ ಅನುಭವ ಇರುವವರಿಗೆ ಸಾಮಾನ್ಯ ವಾರ್ಡಿನವರಿಗಿಂತ ಅವಕಾಶ ಹೆಚ್ಚು. ಆದರೆ ನಿಮ್ಮ ಮಾತಿನಿಂದ ನನ್ನ ಕ್ರಮಕ್ಕೆ ಒಂದು ತಿದ್ದುಪಡಿ ಬೇಕು: ಓಇಟಿ ಬಂದ ತಕ್ಷಣ ಸಿಬಿಟಿಗೆ ಹಾರಬೇಡಿ. ಎನ್‌ಎಚ್‌ಎಸ್ ಜಾಬ್ಸ್ ಜಾಲತಾಣದಲ್ಲಿ ನಿಮ್ಮ ವಿಭಾಗದ ಹುದ್ದೆಗಳಿಗೆ ವೀಸಾ ಸ್ಪಾನ್ಸರ್ ಮಾಡ್ತೀವಿ ಅಂತ ಬರೆದಿರೋದು ಎಷ್ಟಿದೆ ಅಂತ ಕೆಲವು ವಾರ ನೋಡಿ. ಆಮೇಲೆ 83 ಪೌಂಡ್ ಕಟ್ಟಿ.

---

ಐಸಿಯು_ಮಂಗಳೂರು

ಏಜೆಂಟ್‌ಗೆ ಬೇಡ ಅಂತ ಹೇಳಿದೆ. ಅಫಿಡವಿಟ್‌ನಲ್ಲಿ ಪಾಸ್‌ಪೋರ್ಟ್ ಹೆಸರು ಒಂದೇ ಸಾಕಾ, ಇಲ್ಲಾ ಪ್ರತಿ ದಾಖಲೆಯ ಹೆಸರೂ ಬರೆಸಬೇಕಾ?

---

ಕಡತ_ಕಟ್ಟು

ಪ್ರತಿಯೊಂದೂ ಬರೆಸಿ: ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ, ಕೌನ್ಸಿಲ್, ಪಾಸ್‌ಪೋರ್ಟ್. ಯಾವ ದಾಖಲೆ, ಅದರ ಸಂಖ್ಯೆ, ಅದರಲ್ಲಿ ಹೆಸರು ಹೇಗಿದೆ, ಅದೇ ಇಂಗ್ಲಿಷ್ ಅಕ್ಷರಗಳಲ್ಲಿ, ಚುಕ್ಕಿ ಮತ್ತು ಜಾಗ ಸಮೇತ. ಕನ್ನಡದಲ್ಲಿ ಟೈಪ್ ಮಾಡಿಸಿದರೆ ಮತ್ತೆ ಅನುವಾದ ಮಾಡಿಸಬೇಕಾಗುತ್ತೆ, ಇಂಗ್ಲಿಷ್‌ನಲ್ಲೇ ಮಾಡಿಸಿ. ಎರಡು ಮೂಲ ಪ್ರತಿ ಇಟ್ಕೊಳ್ಳಿ, ಒಂದು ಕೌನ್ಸಿಲ್ ಕೇಳಬಹುದು.